ಗೋದಕ್ಕನ ಹಾಡಿನಲ್ಲಿ ಒಂದು ಟಿಣ್

ನನ್ನ ಫೋನಿಗೆ ಮೆಸೇಜು ಬಂದರೆ ಸದ್ದಾಗುವುದಿಲ್ಲ. ಆ ಸದ್ದನ್ನು ತೆಗೆದುಹಾಕಿ ಕೆಲವು ವರ್ಷಗಳೇ ಆದವು. ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನುಷ್ಯ ಫೋನಿನ ಬಾಯಿ ಕಟ್ಟಿ ಕೂತರೆ ವ್ಯಾಪಾರ ನಡೆಯುವುದು ಹೇಗೆ ಎಂದು ಹೆಂಡತಿ ಗಿರಿಜಾ ಈಗಲೂ ಗೊಣಗುತ್ತಾಳೆ. ಗೊಣಗಲಿ. ಆ ‘ಟಿಣ್’ ಕಿವಿಗೆ ಬಿದ್ದರೆ ಸಾಕು, ಕೂತಲ್ಲಿಂದ ಎದ್ದು ಯಾರನ್ನಾದರೂ ಹಿಡಿದು ‘ನಿಮಗೆ ಯಾರು ಕಳಿಸಿದರು’ ಎಂದು ಕೇಳಬೇಕು ಅನಿಸುತ್ತದೆ. ಕಳೆದ ವಾರ ಯಲ್ಲಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಮೈಕಿನ ವಯರು ಎಳೆಯುತ್ತಿದ್ದೆ. ಅಡುಗೆ ಕಡೆಯಿಂದ ಮಾವಿನಕಾಯಿಯ ಅಪ್ಪೆಹುಳಿಗೆ ಒಗ್ಗರಣೆ ಹಾಕಿದ ಪರಿಮಳ ಬಂತು. ಅದೇ ಹೊತ್ತಿಗೆ ಪಕ್ಕದ ಕುರ್ಚಿಯ ಮೇಲೆ ಯಾರದೋ ಫೋನು ಟಿಣ್ ಎಂದಿತು. ಎರಡೂ ಒಟ್ಟಿಗೆ ಬಂದದ್ದೇ ತಡ, ನಾನು ಕೈಯಲ್ಲಿ ವಯರು ಹಿಡಿದುಕೊಂಡೇ ಆ ಬೇಸಿಗೆಗೆ ಹೋಗಿ ಬಿದ್ದೆ.

ಅದು ಗೋದಕ್ಕನ ಗಂಟಲಿನ ಬೇಸಿಗೆ.

ಗೋದಕ್ಕ ಹುಲೇಕಲ್ ಕಡೆಯವರು. ಗೋದಾವರಿ ಎಂಬ ಪೂರ್ತಿ ಹೆಸರಿನಿಂದ ಯಾರಾದರೂ ಕರೆದದ್ದು ನಾನು ಕೇಳಿಲ್ಲ. ಮದುವೆ ಮನೆಗಳಲ್ಲಿ ಹಾಡು ಹೇಳುವವರು. ಆ ಕಡೆಯ ಹೆಂಗಸರು ಹಾಡನ್ನು ಹಾಡುವುದಿಲ್ಲ, ಹೇಳುತ್ತಾರೆ. ಎಣ್ಣೆ ಅರಿಶಿನಕ್ಕೆ ಒಂದು, ಹುಡುಗಿಯನ್ನು ಮಂಟಪಕ್ಕೆ ಕರೆತರುವಾಗ ಒಂದು, ಧಾರೆಗೆ ಒಂದು, ಕೊನೆಗೆ ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸುವಾಗ ಒಂದು. ಗೋದಕ್ಕ ಮುಂದೆ ಕೂತು ಹೇಳಿದರೆ ಹಿಂದೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಮುಗಿದ ಮೇಲೆ ಕುಂಕುಮ, ಹೂವು, ಒಂದು ರವಿಕೆ ಕಣ. ಅದಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ, ಕೊಟ್ಟರೆ ಮುಟ್ಟುವವರೂ ಇಲ್ಲ. ಇದಿಷ್ಟು ಮಾತನ್ನು ನಾವು ಆ ವರ್ಷ ತಲೆಗೆ ಹಾಕಿಕೊಂಡಿದ್ದರೆ ನನ್ನ ಸ್ಕೂಟರಿಗೆ ಅಷ್ಟು ಪೆಟ್ರೋಲು ಕುಡಿಸಬೇಕಾಗಿರಲಿಲ್ಲ.

ನಾನು ದಾಸನಕೊಪ್ಪದವನು. ಶಿರಸಿ ಪೇಟೆಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟು ಅರ್ಧ ಆಯುಷ್ಯ ಕಳೆದರೂ ಬಾಯಿ ತೆರೆದರೆ ಬನವಾಸಿ ರಸ್ತೆಯ ಮಾತೇ ಬರುತ್ತದೆ. ಕೂತಲ್ಲಿ ಕೂರುವ ಜಾಯಮಾನವೂ ನನ್ನದಲ್ಲ. ಭಾಷಣಕ್ಕೆ ಮೈಕು ಹಾಕಿದರೂ ಭಾಷಣ ಮಾಡುವವನಿಗಿಂತ ಹೆಚ್ಚು ನಾನೇ ಓಡಾಡಿರುತ್ತೇನೆ. ಆ ಬೇಸಿಗೆಯ ಹಿಂದಿನ ವರ್ಷ ಶಿರಸಿಯ ಒಂದು ಮದುವೆಯಲ್ಲಿ ಗೋದಕ್ಕ ಧಾರೆ ಹಾಡು ಹೇಳುತ್ತಿದ್ದರು. ನಡುವೆ ಯಾರೋ ತಮ್ಮ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಚ್ಚಿದರು. ಗೋದಕ್ಕ ಒಂದೆರಡು ಸಾಲನ್ನು ಅದರ ಮೇಲೆಯೇ ಹೇಳಿ ನೋಡಿದರು, ಆಮೇಲೆ ನಿಲ್ಲಿಸಿದರು. ನಿಲ್ಲಿಸಿದ್ದು ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಯಾಕೆಂದರೆ ಅವರ ಮುಂದಿದ್ದ ಮೈಕು ನನ್ನದು. ಮಿಕ್ಸರಿನಲ್ಲಿ ಅವರ ದನಿಗೆ ತಕ್ಕಂತೆ ದೀಪ ಕುಣಿಯುವುದು ನಿಂತಿತು. ನನಗೆ ಕೆಟ್ಟ ಸಿಟ್ಟು ಬಂತು. ಊಟದ ಪಂಕ್ತಿ ಎದ್ದ ಮೇಲೆ ಹೋಗಿ ಕೇಳಿಯೇಬಿಟ್ಟೆ.

“ಅಕ್ಕಾರ, ನಿಮ್ಮ ಹಾಡು ನಾ ರೆಕಾರ್ಡ್ ಮಾಡ್ಲೇನ್ರಿ?”

“ಎಂತಕ್ಕೆ ಚನ್ನಣ್ಣ? ಎದುರಿಗೆ ಕೂತು ಹೇಳಿದ್ರೇ ಕೇಳೋರಿಲ್ಲ. ಡಬ್ಬಿಯಲ್ಲಿ ತುಂಬಿಟ್ರೆ ಯಾರು ಕೇಳ್ತಾರೆ?”

ನನ್ನ ಮಾತಿಗೆ ಒಪ್ಪದವರನ್ನು ಒಪ್ಪಿಸಿದ್ದು ಅವರ ಗಂಟಲು. ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲೊಂದು ಗಡ್ಡೆ ಕಂಡಿತು. ಹುಬ್ಬಳ್ಳಿಯ ಡಾಕ್ಟರು ಹೆದರುವಂಥದ್ದೇನಲ್ಲ, ಆದರೆ ಮಳೆ ಹಿಡಿಯುವುದರೊಳಗೆ ತೆಗೆಸಿಬಿಡಿ ಎಂದರು. ಸ್ವರದ ನರ ಅದರ ಪಕ್ಕದಲ್ಲೇ ಇದೆ, ಆಪರೇಷನ್ ಆದ ಮೇಲೆ ಸ್ವರ ಹೀಗೇ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು. ಗೋದಕ್ಕ ಹುಬ್ಬಳ್ಳಿಯಿಂದ ನೇರ ನನ್ನ ಅಂಗಡಿಗೆ ಬಂದು ಕೈಚೀಲ ಕೆಳಗಿಟ್ಟರು.

“ಎಲ್ಲಿ ಕೂತು ಹೇಳ್ಬೇಕು ತೋರಿಸಿ,” ಎಂದರು.

ಅಂಗಡಿಯ ಹಿಂದೆ ಡಬ್ಬಿ ಸ್ಪೀಕರು ಪೇರಿಸುವ ಗೋದಾಮಿತ್ತು. ಅದನ್ನೇ ಖಾಲಿ ಮಾಡಿ, ಕಿಟಕಿಗೆ ಗೋಣಿಚೀಲ ಹೊಡೆದು, ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದೆ. ಹಾಡು ಹೇಳಲು ಬಂದ ದಿನ ಗೋದಕ್ಕ ಬಾಗಿಲಲ್ಲೇ ನಿಂತು ಸುತ್ತ ನೋಡಿದರು.

“ಎಂತ ಮಾರಾಯ್ರೇ, ದೇವರ ಹಾಡು ಹೇಳೋರನ್ನ ಕೋಳಿಮೊಟ್ಟೆ ಮಧ್ಯ ಕೂರಿಸ್ತೀರಾ?”

“ಮೊಟ್ಟಿ ಇಲ್ರಿ ಅಕ್ಕಾರ, ಬರೇ ತಟ್ಟಿ. ಹೊಸಾವು. ದನಿ ಗೋಡಿಗೆ ಹೊಡ್ದು ವಾಪಸ್ ಬರಬಾರ್ದು ಅಂತ.”

“ಹೊಸತಾದ್ರೆ ಅಡ್ಡಿಲ್ಲ,” ಎಂದು ಒಳಗೆ ಬಂದರು. ಕೂತ ಮೇಲೂ ತಟ್ಟೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿದ್ದನ್ನು ನಾನು ನೋಡಿದೆ.

ಆ ಕೋಣೆಯ ಸೆಖೆಯನ್ನು ನೆನೆದರೆ ಈಗಲೂ ಬೆನ್ನು ಬೆವರುತ್ತದೆ. ಫ್ಯಾನು ಹಾಕಿದರೆ ಅದರ ಸದ್ದು ಬರುತ್ತದೆ, ಬಾಗಿಲು ತೆರೆದರೆ ಬಸ್ಸಿನ ಹಾರ್ನು. ಎಲ್ಲ ಸುಮ್ಮನಾಯಿತು ಎನ್ನುವಾಗ ಹಿಂದಿನ ಹಲಸಿನ ಮರದಿಂದ ಜೀರುಂಡೆ ಶುರು ಮಾಡುತ್ತಿತ್ತು. ನಾನು ಹೊರಗೋಡಿ ಮರಕ್ಕೆ ಕಲ್ಲು ಹೊಡೆದು ಬರುತ್ತಿದ್ದೆ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಗೋದಕ್ಕ ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು ಮತ್ತೆ ಮೊದಲಿಂದ ಹೇಳುತ್ತಿದ್ದರು. ಒಂದು ದಿನವೂ ಬೇಸರ ಮಾಡಲಿಲ್ಲ. ಬೇಸರ ಮಾಡಿದ್ದೆಲ್ಲ ನಾನೇ. ಹೆಣ್ಣೊಪ್ಪಿಸುವ ಹಾಡು ಮುಗಿದ ದಿನ ಮಾತ್ರ ನಾನು ಎದ್ದು ಹೊರಗೆ ಹೋಗಿ ಮೋರಿಯ ಪಕ್ಕ ನಿಂತುಕೊಂಡೆ. ನನ್ನ ಮಗಳಿಗೆ ಮದುವೆಯಾಗಿ ಆಗ ವರ್ಷ ತುಂಬಿರಲಿಲ್ಲ. ಅಬ್ಬಲಿಗೆ ಹೂವಿನ ನೆಪದಲ್ಲಿ ತಾಯಿ ಮಗಳಿಗೆ ಹೇಳುವ ಸಾಲೊಂದು ಅದರಲ್ಲಿದೆ: ‘ಹಿತ್ತಲ ಅಬ್ಬಲಿಗೆ ನಿನ್ನ ಕೇಳಿದರೆ ಏನೆನ್ನಲಿ, ಮಗಳೆ.’ ಗೋದಕ್ಕ ಅದನ್ನು ಒಂದೇ ಉಸಿರಿಗೆ ಹೇಳಿ ಮುಂದೆ ಹೋದರು. ನಾನು ಅಲ್ಲೇ ಉಳಿದೆ.

ಈ ಹಾಡುಗಳನ್ನು ಜನರಿಗೆ ಮುಟ್ಟಿಸುವ ಜವಾಬ್ದಾರಿ ವಾಣಿಯದು. ವಾಣಿ ಗೋದಕ್ಕನ ಅಣ್ಣನ ಮಗಳು, ಯಲ್ಲಾಪುರದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ, ಮಾತು ಚುರುಕು. ಅವಳು ಗೋದಕ್ಕನ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದಳು. ಚಿಕ್ಕ ಮೊತ್ತ ಕೊಟ್ಟವರಿಗೆ ಹಾಡು ಸಿಗುತ್ತದೆ. ಕೊಂಡವರಿಗೆಲ್ಲ ಅವರದೇ ಒಂದು ಲಿಂಕ್ ಬರುತ್ತದೆ. ಆ ಲಿಂಕನ್ನು ಅವರು ನೆಂಟರಿಷ್ಟರಿಗೆ ಕಳಿಸಿ, ಅದರಿಂದ ಯಾರಾದರೂ ಕೊಂಡರೆ, ಕಳಿಸಿದವರ ಫೋನಿಗೆ ಸಣ್ಣ ರೀಚಾರ್ಜು ಬಹುಮಾನ.

“ಇಲ್ಲದಿದ್ರೆ ಒಬ್ಬರು ತಗೊಳ್ತಾರೆ, ಊರೆಲ್ಲ ಕಾಪಿ ಮಾಡ್ಕೊಳ್ತಾರೆ ಚನ್ನಣ್ಣ,” ಎಂದಳು ವಾಣಿ. “ಕದ್ದು ಹಂಚೋ ಬದಲು ಸರಿಯಾಗಿ ಹಂಚಿದ್ರೇ ಲಾಭ ಅಂತ ಆದ್ರೆ ಯಾರೂ ಕದಿಯೋದಿಲ್ಲ.”

ಬುದ್ಧಿಯ ಮಾತು. ಮೆಮೊರಿ ಕಾರ್ಡು ಒಯ್ದುಕೊಟ್ಟರೆ ತುಂಬುವಷ್ಟು ಹಾಡು ತುಂಬಿಕೊಡುತ್ತಿದ್ದ ಅಂಗಡಿಗಳ ಸಾಲಿನಲ್ಲೇ ನನ್ನ ಅಂಗಡಿ ಇದ್ದದ್ದು. ಹಾಡಿಗೆ ಬೆಲೆ ಇದೆ ಎಂದರೆ ನಗುವ ಪೇಟೆ ನಮ್ಮದು. ನಾನು ತಲೆ ಆಡಿಸಿದೆ. ಕೊಂಡವರಿಗೆ ‘ಈ ಹಾಡನ್ನು ನಿಮಗೆ ತಲುಪಿಸಿದ ಇಂಥವರಿಗೆ ನಮ್ಮ ಬಹುಮಾನ ಸಂದಿದೆ’ ಎಂದು ಕಳಿಸಿದವರ ಹೆಸರು ಹಾಕಿಯೇ ಒಂದು ಮೆಸೇಜು ಹೋಗುವಂತೆಯೂ ವಾಣಿ ಮಾಡಿದಳು. ನೋಡಿದವರಿಗೆ ತಾವೂ ಹಂಚೋಣ ಅನಿಸಲಿ ಎಂದು. ಆ ಮೆಸೇಜಿನ ಒಕ್ಕಣೆಯನ್ನು ತಿದ್ದಿಕೊಟ್ಟವನೂ ನಾನೇ, ಭೇಷ್ ಎಂದವನೂ ನಾನೇ.

ಅರ್ಧದಷ್ಟು ಹಾಡು ಮುಗಿದಿತ್ತು. ಉಳಿದವು ಮದುವೆಯ ನಂತರದವು: ಹೊಸ ಮನೆಯ ಹೊಸಿಲು ದಾಟಿಸುವುದು, ಸೀಮಂತ, ತೊಟ್ಟಿಲು. ಗೋದಕ್ಕ ಅಲ್ಲಿಗೆ ನಿಲ್ಲಿಸಿದರು.

“ಇಷ್ಟನ್ನ ಬಿಡಿ ಮೊದಲು. ಯಾರಿಗಾದ್ರೂ ಬೇಕು ಅಂತ ಕಂಡ್ರೆ ಉಳಿದದ್ದೂ ಹೇಳ್ತೇನೆ. ಯಾರಿಗೂ ಬೇಡದ್ದನ್ನ ಈ ಗಂಟಲಲ್ಲಿ ಕಷ್ಟಪಟ್ಟು ಹೇಳಿ ಎಂತ ಮಾಡೋದು?”

ಆ ಶಿರಸಿ ಮದುವೆಯ ದಿನ ಇವರ ಒಳಗೆ ಇನ್ನೂ ಚುಚ್ಚುತ್ತಿದೆ ಎಂದು ನನಗೆ ಆಗ ಗೊತ್ತಾಯಿತು. ಇನ್ನೇನು ಮದುವೆ ಸೀಸನ್ ಶುರು, ವಾರದಲ್ಲಿ ಗೊತ್ತಾಗುತ್ತದೆ ಬಿಡಿ ಎಂದೆ.

ಮೊದಲ ದಿನಗಳಲ್ಲಿ ಒಂದಷ್ಟು ಜನ ಕೊಂಡರು. ಆಮೇಲೆ ನಿಂತಿತು. ಕಡಿಮೆಯಾಗುವುದು ಬೇರೆ, ನಿಂತೇ ಹೋಗುವುದು ಬೇರೆ. ಕೊಂಡವರ ಸಂಖ್ಯೆಯನ್ನು ವಾಣಿ ಸಂಜೆಗೊಮ್ಮೆ ನನಗೂ ಗೋದಕ್ಕನಿಗೂ ಕಳಿಸುತ್ತಿದ್ದಳು. ನನಗೆ ಸಂಜೆಯವರೆಗೆ ತಾಳ್ಮೆ ಎಲ್ಲಿ? ಬೆಳಿಗ್ಗೆ ಎದ್ದು ನೋಡಿದೆ, ಚಹಾ ಕುಡಿಯುತ್ತ ನೋಡಿದೆ, ಕಂಬ ಹತ್ತಿ ಲೌಡ್‌ಸ್ಪೀಕರು ಕಟ್ಟುವಾಗಲೂ ಒಂದು ಕೈಯಲ್ಲಿ ಫೋನು ತೆಗೆದು ನೋಡಿದೆ. ಗಿರಿಜಾ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟು ನೋಡಿದಳು, ಉಪಯೋಗವಾಗಲಿಲ್ಲ. ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಗಾಳಿ ಎದ್ದು ಪೆಂಡಾಲಿನ ಬಟ್ಟೆ ಹಾರಿಸುತ್ತಿತ್ತು, ಒಂದು ಹನಿಯೂ ಬೀಳದೆ ಹೋಗುತ್ತಿತ್ತು. ನಾನು ಮೋಡ ಕಂಡಾಗಲೆಲ್ಲ ಕ್ಯಾಲೆಂಡರು ನೋಡುತ್ತಿದ್ದೆ. ಮಳೆ ಹಿಡಿಯುವುದರೊಳಗೆ ಎಂದಿದ್ದರಲ್ಲ ಡಾಕ್ಟರು.

ಗೋದಕ್ಕ ಫೋನು ಮಾಡುವುದನ್ನು ಕಡಿಮೆ ಮಾಡಿದರು. ಒಂದು ದಿನ ನಾನೇ ಮಾಡಿದೆ.

“ಸಾಕು ಚನ್ನಣ್ಣ. ನೀವು ಬೇಜಾರು ಮಾಡ್ಕೊಳ್ಬೇಡಿ. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮುಗಿಸ್ಕೊಂಡು ಬರ್ತೇನೆ. ಜನಕ್ಕೆ ಬೇಡದ್ದು ಬೇಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಅದಾದ ಎರಡು ದಿನಕ್ಕೆ ಸಿದ್ದಾಪುರದಲ್ಲಿ ಒಂದು ಮದುವೆಗೆ ಮೈಕು ಹಾಕಿದ್ದೆ. ಹೆಣ್ಣೊಪ್ಪಿಸುವ ಹೊತ್ತು. ಹುಡುಗಿಯ ಸೋದರತ್ತೆ ಒಬ್ಬರು ಫೋನನ್ನು ನನ್ನ ಮೈಕಿಗೆ ಹಿಡಿದರು. ಗೋದಕ್ಕನ ಸ್ವರ ಮಂಟಪದ ತುಂಬ ಎದ್ದಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಓಹೋ, ಕೊಂಡವರಿದ್ದಾರೆ! ‘ಹಿತ್ತಲ ಅಬ್ಬಲಿಗೆ ನಿನ್ನ ಕೇಳಿದರೆ ಏನೆನ್ನಲಿ’ ಎಂದು ಬಂತು. ಆಮೇಲೆ ಟಿಣ್. ಹಾಡು ಒಂದು ಕ್ಷಣ ಅಡಗಿತು. ಆಮೇಲೆ ‘ಮಗಳೆ’ ಎಂದು ಮುಂದುವರಿಯಿತು.

ಆ ಟಿಣ್ ನಾನು ರೆಕಾರ್ಡ್ ಮಾಡಿದ್ದಲ್ಲ. ಜೀರುಂಡೆಗೆ ಕಲ್ಲು ಹೊಡೆದವನು ನಾನು, ಟಿಣ್ ಬಿಡುತ್ತೇನೆಯೇ? ಕೇಳಿದ ಕೂಡಲೇ ಅರ್ಥವಾಯಿತು. ಯಾರೋ ಒಂದು ಫೋನಿನಲ್ಲಿ ಹಾಡು ಹಚ್ಚಿ, ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ತುಂಬಿಕೊಂಡಿದ್ದಾರೆ. ನಡುವೆ ಹಾಡುವ ಫೋನಿಗೆ ಮೆಸೇಜು ಬಂದಿದೆ. ಮೆಸೇಜು ಬಂದಾಗ ಫೋನು ಹಾಡನ್ನು ಅರೆಗಳಿಗೆ ತಗ್ಗಿಸುತ್ತದೆ, ಅದೂ ಸೇರಿಕೊಂಡಿದೆ. ಶುದ್ಧ ಕಳ್ಳಮಾಲು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಶಿರಸಿಯಲ್ಲಿ ಕೇಳಿದರೆ ಅದೇ ಟಿಣ್. ಯಲ್ಲಾಪುರದಲ್ಲಿ ಅದೇ. ಬೇರೆಯವರ ಮೈಕಿನ ಮದುವೆಗೂ ಕರೆಯಿಲ್ಲದೆ ನುಗ್ಗಿ ಬಾಗಿಲಲ್ಲಿ ನಿಂತು ಕೇಳಿದೆ, ಅಲ್ಲೂ ಅದೇ. ಎಲ್ಲ ಕಡೆ ಅದೇ ಜಾಗದಲ್ಲಿ ಬೀಳುತ್ತದೆ ಎಂದರೆ ಎಲ್ಲವೂ ಒಂದೇ ಫೋನಿನಿಂದ ಹೊರಟದ್ದು. ಒಬ್ಬ ಕಳ್ಳ. ಅವನನ್ನು ಹಿಡಿಯದೆ ಬಿಡುವುದಿಲ್ಲ ಎಂದು ಸ್ಕೂಟರು ಏರಿದೆ. ನಿಮಗೆ ಯಾರು ಕಳಿಸಿದರು, ಅವರಿಗೆ ಯಾರು ಕಳಿಸಿದರು ಎಂದು ಕೇಳುತ್ತ ಹೋದೆ. ಯಾರೂ ಮುಚ್ಚಿಡಲಿಲ್ಲ. ಕುಡಿಯಲು ಕೋಕಂ ಶರಬತ್ತು ಕೊಟ್ಟು, ಕೂರಿಸಿ, ಹೇಳಿದರು. ಇದೇ ನನಗೆ ಅರ್ಥವಾಗದ್ದು. ಕದ್ದವರ ಲಕ್ಷಣ ಒಬ್ಬರಲ್ಲೂ ಇಲ್ಲ. ಸಿದ್ದಾಪುರದ ಒಬ್ಬ ಅಮ್ಮ ಹೆಮ್ಮೆಯಿಂದಲೇ ಅಂದರು:

“ಲಿಂಕ್ ಕಳಿಸೋ ಮನೆತನ ನಮ್ಮದಲ್ಲಪ್ಪ. ಹಾಡನ್ನೇ ಕಳಿಸಿದ್ದು.”

ಲಿಂಕ್ ಕಳಿಸುವುದಕ್ಕೂ ಮನೆತನಕ್ಕೂ ಏನು ಸಂಬಂಧ? ತಲೆ ಕೆರೆದುಕೊಂಡು ಗಾಡಿ ಹತ್ತಿದೆ. ಗೋದಕ್ಕನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಬೇಡ ಎನ್ನುವ ಜನ ಒಂದು ನೋವು, ಕದಿಯುವ ಜನ ಇನ್ನೊಂದು. ಎರಡನ್ನೂ ಒಟ್ಟಿಗೆ ಅವರ ಮಡಿಲಿಗೆ ಹಾಕುವ ಮನಸ್ಸಾಗಲಿಲ್ಲ. ಹುಬ್ಬಳ್ಳಿಗೆ ಹೋಗುವ ದಿನ ನಿಗದಿಯಾಗಿತ್ತು, ಅದಕ್ಕೆ ಮುಂಚಿನ ವಾರ ನಡೆಯುತ್ತಿತ್ತು.

ಕೇಳುತ್ತ ಕೇಳುತ್ತ ಜಾಡು ಬಂದು ನಿಂತದ್ದು ಯಲ್ಲಾಪುರದ ಒಂದು ಮನೆಯ ಮುಂದೆ. ಅದು ಸರಸಕ್ಕನ ಮನೆ. ಸರಸಕ್ಕ ಎಂದರೆ ಗೋದಕ್ಕನ ಸ್ವಂತ ನಾದಿನಿ, ಗಂಡನ ತಂಗಿ. ಹಾಡು ಬಿಟ್ಟ ದಿನ ಎಲ್ಲರಿಗಿಂತ ಮೊದಲು ಕೊಂಡವರು. ನಾನು ಒಬ್ಬನೇ ಹೋಗಲು ಹಿಂಜರಿದು ವಾಣಿಯನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಏನೇನು ಕೇಳಬೇಕು ಎಂದು ಮನಸ್ಸಿನಲ್ಲೇ ವಕೀಲಿ ಮಾಡಿಕೊಂಡಿದ್ದೆ. ಸರಸಕ್ಕ ಜಗಲಿಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ವಾಣಿ ಹಾಡಿನ ಮಾತು ಎತ್ತಿದ್ದೇ ಅವರ ಮುಖ ಕೆಂಪಾಯಿತು. ಮೊದಲು ನನ್ನನ್ನು ನೋಡಿದರು, ಆಮೇಲೆ ನಾನಿರುವುದನ್ನೇ ಮರೆತು ವಾಣಿಯ ಹತ್ತಿರ, ‘ನಾನು’ ಎನ್ನುವಲ್ಲಿ ‘ಆನು’ ಎನ್ನುವ ತಮ್ಮ ಮನೆಮಾತಿನಲ್ಲಿ ಶುರು ಮಾಡಿದರು.

“ಆನು ಎಂತ ಮಾಡವಾಗಿತ್ತು ಹೇಳು ತಂಗಿ! ಆನೂ ಖುಷಿಲಿ ಲಿಂಕ್ ಕಳಿಸಿದ್ದಿದ್ದೆ, ಎಲ್ಲರಿಗೂ. ಮದುವೆ ಮನೆಲ್ಲಿ ಊಟಕ್ಕೆ ಕೂತಾಗ ಒಬ್ಬ ಫೋನು ತೆಗೆದು ಎಲ್ಲರ ಎದುರಿಗೇ ಓದಿದ, ‘ಸರಸಕ್ಕಂಗೆ ಬಹುಮಾನ ಬಂಜಡ’ ಹೇಳಿ. ‘ಅತ್ತಿಗೆ ಹಾಡಿಂದ ನಾದಿನಿಗೆ ಕಮಿಷನ್’ ಹೇಳಿ ಪಂಕ್ತಿಗೆ ಪಂಕ್ತಿಯೇ ನೆಗ್ಯಾಡ್ತು. ಆನು ಊಟಾನೇ ಮಾಡಿದ್ನಿಲ್ಲೆ.”

“ಅದು ತಮಾಷೆಗೆ ಹೇಳಿದ್ದು ಸರಸತ್ತೆ...”

“ನಿಂಗೆ ತಮಾಷೆ. ನೆಂಟ್ರಿಗೆ ಹಾಡು ಕೊಟ್ಟು ದುಡ್ಡು ತಿಂಬ ಹೆಂಗ್ಸು ಹೇಳಿ ಆಗೋತು ಯನ್ನ ಹೆಸರು. ಯಂಗೆ ಬಹುಮಾನ ಬ್ಯಾಡ ಹೇಳಿ ಯಾರ ಹತ್ರ ಹೇಳದು? ಫೋನಿನ ಹತ್ರವಾ? ಅದಕ್ಕೇ ಮಾರನೇ ದಿನ ನಮ್ಮನೆಯವರ ಫೋನು ತಗಂಡು, ಅಷ್ಟೂ ಹಾಡು ಅದಕ್ಕೆ ತುಂಬಿಸಿ, ಎಲ್ಲರಿಗೂ ಹಾಡನ್ನೇ ಕಳಿಸ್ದೆ. ಲಿಂಕ್ ಇಲ್ಲೆ, ಯನ್ನ ಹೆಸರಿಲ್ಲೆ, ಬಹುಮಾನ ಇಲ್ಲೆ. ಅತ್ತಿಗೆ ಹಾಡು ಎಲ್ಲರ ಮನೆಗೂ ಹೋತು. ತಪ್ಪಾತಾ?”

ವಾಣಿ ತಲೆಗೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತಳು. ನನ್ನ ವಕೀಲಿ ಅಲ್ಲಿಗೆ ಮುಗಿಯಿತು. ಸಿದ್ದಾಪುರದ ಅಮ್ಮ ಹೇಳಿದ ಮನೆತನದ ಮಾತು ಈಗ ಅರ್ಥವಾಯಿತು. ಸರಸಕ್ಕನ ಕಥೆ ಬಾಯಿಂದ ಬಾಯಿಗೆ ಹೋಗಿ ಲಿಂಕ್ ಕಳಿಸುವವರು ಎಂದರೆ ನೆಂಟರ ಮೇಲೆ ದುಡ್ಡು ಮಾಡುವವರು ಎಂದಾಗಿತ್ತು. ಮರ್ಯಾದಸ್ಥರೆಲ್ಲ ಹಾಡನ್ನೇ ಕಳಿಸಿದರು. ಕದಿಯಬಾರದು ಎಂದು ನಾವು ಇಟ್ಟ ಬಹುಮಾನದಿಂದಲೇ ಕಳವು ಶುರುವಾಗಿತ್ತು, ಅದೂ ಊರಿನ ಅತ್ಯಂತ ಸಂಭಾವಿತ ಹೆಂಗಸರಿಂದ.

ನನಗೆ ಒಂದು ಮಾತ್ರ ಉಳಿದಿತ್ತು.

“ಸರಸಕ್ಕಾರ, ಹೆಣ್ಣೊಪ್ಪಿಸೋ ಹಾಡಿನ್ಯಾಗ ನಡುವ ಒಂದು ಟಿಣ್ ಅಂತೈತಲ್ರಿ, ಅದೇನ್ರಿ?”

ಸರಸಕ್ಕ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು.

“ಅದು ನಿಮ್ಮದೇ ಚನ್ನಣ್ಣ. ಮೊದಲು ಕಳಿಸಿದ ಲಿಂಕಿಂದ ಅದೇ ಹೊತ್ತಿಗೆ ಇನ್ಯಾರೋ ಹಾಡು ತಗೊಂಡ್ರು. ‘ನಿಮಗೆ ಬಹುಮಾನ ಬಂದಿದೆ’ ಅಂತ ನಿಮ್ಮ ಮೆಸೇಜು. ಮತ್ತೊಂದ್ಸಲ ತುಂಬಿಸ್ಲಿಕ್ಕೆ ನಂಗೆ ಧೈರ್ಯ ಬರ್ಲಿಲ್ಲ, ಮತ್ತೆ ಬಂದ್ರೆ ಎಂತ ಮಾಡೋದು?”

ನಾನು ನಕ್ಕೆ. ನಗಬಾರದಿತ್ತು, ತಡೆಯಲಾಗಲಿಲ್ಲ. ವಾಣಿಯೂ ನಕ್ಕಳು. ಕೊನೆಗೆ ಸರಸಕ್ಕನಿಗೂ ನಗು ಬಂತು, ಬಂದ ಮೇಲೆ ಮತ್ತೆ ಅಳು ಬಂತು. ಅವರು ಕೇಳಿದ್ದು ಒಂದೇ, ಅತ್ತಿಗೆಗೆ ಇದು ಗೊತ್ತಾ ಎಂದು. ಗೊತ್ತಿಲ್ಲ ಎಂದೆ. ಅತ್ತಿಗೆ ಏನೆಂದುಕೊಂಡಿದ್ದಾರೆ ಎಂದು ಕೇಳಿದರು. ಯಾರಿಗೂ ತನ್ನ ಹಾಡು ಬೇಡ ಅಂದುಕೊಂಡಿದ್ದಾರೆ ಎಂದೆ. ಸರಸಕ್ಕನ ಕೈಯಲ್ಲಿದ್ದ ಹಪ್ಪಳ ಮಡಚಿಹೋಯಿತು.

ಆಮೇಲಿನದು ಓಟ. ಅದೇ ವಾರ ಸಿದ್ದಾಪುರದಲ್ಲಿ ಇನ್ನೊಂದು ಮದುವೆಗೆ ನನ್ನ ಮೈಕಿತ್ತು. ಗೋದಕ್ಕನಿಗೂ ಅಲ್ಲಿಗೆ ಕರೆ ಇತ್ತು, ಹೋಗುವುದಿಲ್ಲ ಎಂದು ಕೂತಿದ್ದರು. ನಾನು ಡಬ್ಬಿ ಸ್ಪೀಕರು ಹೇರಿದ ಟೆಂಪೋ ಗಾಡಿಯನ್ನು ಹುಲೇಕಲ್ಲಿಗೇ ತಿರುಗಿಸಿದೆ. ಒಂದು ಅರ್ಧ ದಿನದ ಮಟ್ಟಿಗೆ ಬನ್ನಿ, ಇನ್ನೇನೂ ಕೇಳಬೇಡಿ ಎಂದೆ. ಗಾಡಿಯಲ್ಲಿ ನನ್ನ ಪಕ್ಕ ಕೂತು ದಾರಿಯೆಲ್ಲ ಬೈದರು. ಸಿದ್ದಾಪುರ ಮುಟ್ಟುವ ಹೊತ್ತಿಗೆ ಗಾಳಿ ಎದ್ದು, ರಸ್ತೆಯ ಮೇಲೆ ನಾಲ್ಕು ದಪ್ಪ ಹನಿ ಬಿದ್ದವು. ನಾನು ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿದೆ.

ಅವರನ್ನು ಮಿಕ್ಸರಿನ ಪಕ್ಕ, ಕಂಬದ ಮರೆಯಲ್ಲಿ ಕೂರಿಸಿದೆ. ಹೆಣ್ಣೊಪ್ಪಿಸುವ ಹೊತ್ತಿಗೆ ಹುಡುಗಿಯೊಬ್ಬಳು ಫೋನು ತಂದು ಮೈಕಿಗೆ ಹಿಡಿದಳು. ಗೋದಕ್ಕನ ಸ್ವರ ಬಂತು. ಗೋದಕ್ಕ ಬೆನ್ನು ನೆಟ್ಟಗೆ ಮಾಡಿ ಕೂತರು. ಫೋನು ಒಂದು ಸಾಲು ಹೇಳಿದರೆ ಸುತ್ತಲಿದ್ದ ಹೆಂಗಸರು ಆ ಸಾಲನ್ನು ತಿರುಗಿ ಹೇಳುತ್ತಿದ್ದರು, ಗೋದಕ್ಕನೇ ಎದುರಿಗೆ ಕೂತು ಹೇಳಿಕೊಟ್ಟ ಹಾಗೆ. ಮದುಮಗಳ ತಾಯಿಗೆ ಹೇಳಲಾಗಲಿಲ್ಲ, ತುಟಿ ಅಲುಗುತ್ತಿತ್ತು ಅಷ್ಟೆ. ಸಿನಿಮಾ ಹಾಡು ಹಚ್ಚಲು ಯಾರೂ ಬರಲಿಲ್ಲ. ಟಿಣ್ ಎಂದಾಗ ಗೋದಕ್ಕ ನನ್ನ ಕಡೆ ತಿರುಗಿದರು.

“ಅದೆಂತ ಚನ್ನಣ್ಣ, ನಡುವೆ ಗಂಟೆ ಹೊಡೆದದ್ದು?”

ಆಗ ಎಲ್ಲ ಹೇಳಿದೆ. ಸರಸಕ್ಕ ಊಟ ಬಿಟ್ಟದ್ದು, ಮನೆತನದ ಮಾತು, ಊರೂರಿಗೆ ಹೋದ ಕಳ್ಳಹಾಡು. ಸಿಟ್ಟಾಗುತ್ತಾರೆ ಎಂದು ಕಾದೆ. ಗೋದಕ್ಕ ಆ ಹೆಂಗಸರನ್ನೇ ನೋಡಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

“ಪಾಪ, ಸರಸ ಊಟ ಬಿಟ್ಲಾ?” ಎಂದರು. ಆಮೇಲೆ, “ನಾಳೆ ಬೆಳಿಗ್ಗೆ ಕೋಣೆ ಖಾಲಿ ಉಂಟಾ? ಉಳಿದದ್ದು ಹೇಳಿಬಿಡ್ತೇನೆ. ಮೊದಲು ಆ ಬಹುಮಾನ ತೆಗೆಸಿ.”

ಬಹುಮಾನವನ್ನು ವಾಣಿ ಅವತ್ತೇ ತೆಗೆದಳು. ತೆಗೆದ ಮೇಲೆ ಕೊಳ್ಳುವವರು ಮೆಲ್ಲಗೆ ಬರತೊಡಗಿದರು. ಸರಸಕ್ಕ ತಾವೇ ಮನೆಮನೆಗೆ ಫೋನು ಮಾಡಿ, ಈಗ ಯಾರಿಗೂ ಏನೂ ಸಿಗುವುದಿಲ್ಲ, ಧೈರ್ಯವಾಗಿ ತೆಗೆದುಕೊಳ್ಳಿ ಎಂದು ಹೇಳಿದರಂತೆ. ಎಲ್ಲರೂ ಕೊಂಡರು ಎಂದಲ್ಲ. ಟಿಣ್ ಇರುವ ಹಾಡೇ ಹೆಚ್ಚು ಓಡಾಡಿತು, ಇವತ್ತಿಗೂ ಓಡಾಡುತ್ತದೆ. ಕದ್ದದ್ದು ಕದ್ದದ್ದೇ ಎಂದು ನಾನು ಇವತ್ತಿಗೂ ಹೇಳುತ್ತೇನೆ, ಮಾತು ಬಂದರೆ ಜಗಳವನ್ನೂ ಆಡುತ್ತೇನೆ. ಆದರೆ ಯಾರ ಜೊತೆ ಆಡುವುದು? ಕೋಕಂ ಶರಬತ್ತು ಕೊಡುವವರ ಜೊತೆ ಜಗಳ ಬಹಳ ಹೊತ್ತು ನಡೆಯುವುದಿಲ್ಲ.

ಉಳಿದ ಹಾಡುಗಳನ್ನು ಗೋದಕ್ಕ ಒಂದೇ ಉಸಿರಿನಲ್ಲಿ ಎನ್ನುವ ಹಾಗೆ ಹೇಳಿ ಮುಗಿಸಿದರು. ನಡುವೆ ನಡುವೆ ಗಂಟಲು ಹಿಡಿಯುತ್ತಿತ್ತು, ಬಿಸಿನೀರು ಕುಡಿದು ಮತ್ತೆ ಹೇಳುತ್ತಿದ್ದರು. ಜೀರುಂಡೆ ಬಂದರೂ ನಾನು ಕಲ್ಲು ಹೊಡೆಯಲು ಏಳಲಿಲ್ಲ. ತೊಟ್ಟಿಲ ಹಾಡಿನ ಕೊನೆಯಲ್ಲಿ ಕೇಳಿಸುವ ಬೋರೆಂಬ ಸದ್ದು ತಗಡಿನ ಮೇಲೆ ಬಿದ್ದ ಮೊದಲ ಮಳೆಯದು. ಅದನ್ನೂ ಅಳಿಸಲಿಲ್ಲ. ಮಾರನೇ ವಾರ ಅವರು ಹುಬ್ಬಳ್ಳಿಗೆ ಹೋದರು.

ಡಾಕ್ಟರು ಹೆದರಿದ್ದೇ ಆಯಿತು. ಗಡ್ಡೆ ಹೋಯಿತು, ಜೊತೆಗೆ ಆ ಸ್ವರವೂ ಹೋಯಿತು. ಈಗ ಗೋದಕ್ಕ ಮಾತಾಡಿದರೆ ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುತ್ತದೆ. ಅವರು ಮದುವೆಗಳಿಗೆ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಕುಂಕುಮ ಕೊಟ್ಟರೆ ಇಟ್ಟುಕೊಳ್ಳುತ್ತಾರೆ, ರವಿಕೆ ಕಣ ಕೊಡಲು ಬಂದರೆ ಹಾಡು ಹೇಳಲಿಲ್ಲವಲ್ಲ ಎಂದು ವಾಪಸು ಕೊಡುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ. ಆ ಹೊತ್ತಿಗೆ ಹೊರಗೆ ಹೋಗಿ ಜನರೇಟರು ನೋಡುತ್ತೇನೆ.

ಕಳೆದ ವಾರ ಯಲ್ಲಾಪುರದ ಮದುವೆಯಲ್ಲೂ ಹಾಗೆ ಹೊರಗೆ ಹೊರಟವನನ್ನು ಹುಡುಗಿಯರ ದನಿ ನಿಲ್ಲಿಸಿತು. ಫೋನಲ್ಲ, ಬಾಯಿಂದಲೇ. ಕಾಲೇಜಿಗೆ ಹೋಗುವ ವಯಸ್ಸಿನ ನಾಲ್ಕೈದು ಹುಡುಗಿಯರು ನನ್ನ ಮೈಕಿನ ಮುಂದೆ ಒತ್ತಿ ಕೂತು ಹೆಣ್ಣೊಪ್ಪಿಸುವ ಹಾಡು ಹೇಳುತ್ತಿದ್ದರು. ಯಾರ ಹಾಡು ಕೇಳಿ ಕಲಿತದ್ದು ಎಂದು ಕೇಳಬೇಕಾಗಿಯೇ ಇರಲಿಲ್ಲ. ಗೋದಕ್ಕನ ಎಳೆತ, ಗೋದಕ್ಕನ ತಿರುವು, ಎಲ್ಲ ಹಾಗೇ ಬಂದಿತ್ತು. ಹಿಂದಿನ ಸಾಲಿನವರು ತಿರುಗಿ ಹೇಳುತ್ತಿದ್ದರು, ಅವರ ನಡುವೆ ಗೋದಕ್ಕನೂ ಇದ್ದರು. ಅವರ ತುಟಿ ಅಲುಗುವುದನ್ನು ನೋಡಿ ನಾನು ಇನ್ನೊಂದು ಮೈಕನ್ನು ಅವರ ಹತ್ತಿರ ಸರಿಸಿದೆ. ಮಿಕ್ಸರಿನಲ್ಲಿ ಆ ಮೈಕಿನ ದೀಪ ಸಣ್ಣಗೆ ಮಿಣುಕಿತು.

‘ಹಿತ್ತಲ ಅಬ್ಬಲಿಗೆ ನಿನ್ನ ಕೇಳಿದರೆ ಏನೆನ್ನಲಿ’ ಎಂದು ಹೇಳಿ ಹುಡುಗಿಯರು ಒಂದು ಕ್ಷಣ ತಡೆದು ನಿಂತರು.

ಟಿಣ್ ಬಿದ್ದಿದ್ದ ಜಾಗ ಅದು. ಫೋನಿನಲ್ಲಿ ಕೇಳಿ, ಹಾಡು ಇರುವುದೇ ಹಾಗೆ ಎಂದು ಅವರು ಕಲಿತಿದ್ದಾರೆ. ಟಿಣ್ ಇಲ್ಲ, ಅದರ ಜಾಗ ಮಾತ್ರ ಇದೆ. ಮಗಳಿಗೆ ಏನು ಹೇಳುವುದೆಂದು ತೋಚದೆ ತಾಯಿ ನಿಂತಿದ್ದಾಳೆ, ಇಡೀ ಸಭೆ ಅವಳಿಗಾಗಿ ಕಾಯುತ್ತಿದೆ ಎಂದು ನನಗನಿಸಿತು. ಆಮೇಲೆ ‘ಮಗಳೆ’ ಎಂದು ಹೇಳಿ ಮುಂದೆ ಹೋದರು.

ಈಗ ಹಿಂದಿನ ಸಾಲಿನ ಸರದಿ. ಗೋದಕ್ಕ ಎಂದೂ ಅಲ್ಲಿ ತಡೆದು ನಿಂತವರಲ್ಲ, ಒಂದೇ ಉಸಿರಿಗೆ ಹೇಳಿದವರು. ನಾನು ದೀಪದ ಮೇಲೆ ಕಣ್ಣಿಟ್ಟು ಕಾದೆ. ‘ಏನೆನ್ನಲಿ’ ಎಂಬಲ್ಲಿಗೆ ಬಂದಾಗ ಎಲ್ಲರ ಜೊತೆ ಗೋದಕ್ಕನೂ ನಿಂತರು.